ಕಾಲೇಜಿನ ಲೆಕ್ಕಗಳು ಕೆಲಸದಲ್ಲಿ ಉಪಯೋಗಕ್ಕೆ ಬರುತ್ತವೆಯೇ?
ಮೆಕ್ಯಾನಿಕಲ್ ಮೂರನೇ ವರ್ಷದಲ್ಲಿದ್ದೇನೆ, ಈ ಸೂತ್ರಗಳೆಲ್ಲ ಮುಂದೆ ಬೇಕಾಗುತ್ತವೆಯೇ ಎಂದು ಕೇಳಿದ್ದೀರಿ. ಬೇಕಾಗುತ್ತವೆ. ಆದರೆ ಸೂತ್ರಕ್ಕೆ ಏನು ಹಾಕಬೇಕು ಎಂಬುದನ್ನು ಕಾಲೇಜು ಅಷ್ಟಾಗಿ ಕಲಿಸುವುದಿಲ್ಲ.

ಬೀಮ್ (ಭಾರ ಹೊರುವ ತೊಲೆ) ಲೆಕ್ಕವನ್ನೇ ತೆಗೆದುಕೊಳ್ಳಿ. ಪ್ರಶ್ನೆಪತ್ರಿಕೆಯಲ್ಲಿ ಉದ್ದ, ಲೋಡ್, ಆಧಾರ ಎಲ್ಲವನ್ನೂ ಕೊಟ್ಟಿರುತ್ತಾರೆ. ಕೆಲಸದಲ್ಲಿ ನಿಮ್ಮ ಮುಂದಿರುವುದು ಎರಡು ತುದಿಗೂ ಬೋಲ್ಟ್ ಹಾಕಿದ ಒಂದು ಬೀಮ್, ಅಷ್ಟೇ. ಅದು ಫಿಕ್ಸೆಡ್ಡೋ (ತುದಿಗಳು ತಿರುಗದಂತೆ ಬಿಗಿದದ್ದು), ಸಿಂಪ್ಲಿ ಸಪೋರ್ಟೆಡ್ಡೋ (ತುದಿಗಳು ತಿರುಗಬಲ್ಲಂತೆ ಆಧಾರದ ಮೇಲೆ ಕೂತದ್ದು)? ಲೋಡ್ ಉದ್ದಕ್ಕೂ ಸಮನಾಗಿ ಹಂಚಿದ್ದರೆ, ಈ ಒಂದು ಆಯ್ಕೆಯಿಂದ ಮಧ್ಯದ ಬಾಗು 5 ಪಟ್ಟು ವ್ಯತ್ಯಾಸವಾಗುತ್ತದೆ. ನಿಜವಾದ ಜೋಡಣೆ ಇವೆರಡರ ನಡುವೆ ಎಲ್ಲೋ ಇರುತ್ತದೆ. ಎರಡನ್ನೂ ಲೆಕ್ಕ ಹಾಕಿ. ಬಾಗಿನ ಮಟ್ಟಿಗೆ ಸಿಂಪ್ಲಿ ಸಪೋರ್ಟೆಡ್ ಎಂದುಕೊಳ್ಳುವುದು ಸುರಕ್ಷಿತ; ಬೋಲ್ಟಿನ ಮಟ್ಟಿಗೆ ಅಲ್ಲ. ಜೋಡಣೆ ಬಿಗಿಯಾದಷ್ಟೂ ಮೊಮೆಂಟ್ (ಬಲದ ತಿರುಗಿಸುವ ಪರಿಣಾಮ) ಬೋಲ್ಟಿನ ಮೇಲೆ ಬೀಳುತ್ತದೆ. ಹೊಸಬರು ಎಡವುವುದು ಇಲ್ಲೇ.

ಸಾಫ್ಟ್‌ವೇರ್ ಇದೆಯಲ್ಲ ಎನ್ನಬಹುದು. ಅದು ತಪ್ಪು ಊಹೆಗೂ ಬಣ್ಣಬಣ್ಣದ ಚಿತ್ರ ಕೊಡುತ್ತದೆ! ಮೊದಲು ಕೈಲೆಕ್ಕದಿಂದ ಉತ್ತರದ ಅಂದಾಜು ಮಾಡಿಕೊಳ್ಳಿ. ಆಮೇಲೆ ಮೆಶ್ (ಲೆಕ್ಕಕ್ಕಾಗಿ ಸಾಫ್ಟ್‌ವೇರ್ ಭಾಗವನ್ನು ಒಡೆದುಕೊಳ್ಳುವ ಚಿಕ್ಕ ತುಂಡುಗಳು) ಗಾತ್ರವನ್ನು ಅರ್ಧಕ್ಕಿಳಿಸಿ ಮತ್ತೆ ಓಡಿಸಿ. ಚೂಪಾದ ಒಳಮೂಲೆಯಲ್ಲಿ ಸ್ಟ್ರೆಸ್ (ವಸ್ತುವಿನೊಳಗಿನ ಒತ್ತಡ) ಪ್ರತಿ ಸಲವೂ ಏರುತ್ತಲೇ ಹೋದರೆ ಆ ಅಂಕಿಯನ್ನು ನಂಬಬೇಡಿ. ನಿಜವಾದ ಭಾಗದಲ್ಲಿರುವ ಫಿಲೆಟ್ (ಮೂಲೆಯನ್ನು ದುಂಡಾಗಿಸಿದ ತಿರುವು) ಅನ್ನು ಮಾಡೆಲ್‌ನಲ್ಲೂ ಹಾಕಿ.

ಕಾಲೇಜಿನಲ್ಲಿ ಹಗುರವಾಗಿ ಕಂಡು, ಕೆಲಸದಲ್ಲಿ ದಿನವೂ ಎದುರಾಗುವುದು ಟಾಲರೆನ್ಸ್, ಅಂದರೆ ಅಳತೆ ಎಷ್ಟು ಹೆಚ್ಚುಕಡಿಮೆಯಾಗಬಹುದು ಎಂಬ ಮಿತಿ. ಪುಸ್ತಕದಲ್ಲಿ ‘25 ಮಿಮೀ ಶಾಫ್ಟ್’ ಎಂದರೆ ಮುಗಿಯಿತು. ಡ್ರಾಯಿಂಗ್‌ನಲ್ಲಿ ಎಚ್7/ಜಿ6 (ರಂಧ್ರಕ್ಕೂ ಅದರೊಳಗೆ ಕೂರುವ ಶಾಫ್ಟಿಗೂ ಟಾಲರೆನ್ಸ್ ಹೇಳುವ ಸಂಕೇತ) ಎಂದು ಬರೆದರೆ ರಂಧ್ರ 25.000ರಿಂದ 25.021, ಶಾಫ್ಟ್ 24.980ರಿಂದ 24.993 ಮಿಮೀ. ಅಂದರೆ ನಡುವಿನ ಸಡಿಲ 7ರಿಂದ 41 ಮೈಕ್ರಾನ್. ಹೊಂದಿಕೆಯೇ ಬೇಕಿಲ್ಲದ ಅಳತೆಗೂ ಇಷ್ಟು ಬಿಗಿ ಟಾಲರೆನ್ಸ್ ಕೊಟ್ಟರೆ, ಲೇತ್‌ನಲ್ಲಿ ಮುಗಿಯುವ ಕೆಲಸ ಗ್ರೈಂಡಿಂಗ್‌ಗೆ ಹೋಗಿ ಖರ್ಚು ಏರುತ್ತದೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ದೊಡ್ಡ ಶೀರ್ಷಿಕೆ ಬೇಡ. ಚಿಕ್ಕದೊಂದು ಯಂತ್ರಭಾಗ ಸಾಕು. ಅದು ಎಷ್ಟು ಭಾರ ಹೊರಬೇಕು, ಎಷ್ಟಕ್ಕಿಂತ ಹೆಚ್ಚು ಬಾಗಬಾರದು ಎಂದು ಮೊದಲೇ ಅಂಕಿಯಲ್ಲಿ ಬರೆದಿಡಿ. ಲೆಕ್ಕ ಹಾಕಿ, ಮಾಡಿಸಿ, ಡಯಲ್ ಗೇಜ್ (ಸಣ್ಣ ಸರಿದಾಟವನ್ನೂ ತೋರಿಸುವ ಮಾಪಕ) ಇಟ್ಟು ಬಾಗನ್ನು ಅಳೆಯಿರಿ. ಲೆಕ್ಕಕ್ಕೂ ಅಳತೆಗೂ ತಾಳೆಯಾಗದಿದ್ದರೆ ಅಂಕಿ ತಿದ್ದಬೇಡಿ. ಆಧಾರ ಜರುಗಿತೇ, ದಪ್ಪ ಕಡಿಮೆಯಿತ್ತೇ, ಗೇಜಿನ ಸ್ಟ್ಯಾಂಡೇ ಅಲುಗಿತೇ ಎಂದು ಒಂದೊಂದಾಗಿ ಪರೀಕ್ಷಿಸಿ ವರದಿಯಲ್ಲಿ ಬರೆಯಿರಿ. ನಾನು ಸಂದರ್ಶನ ಮಾಡುವುದಾದರೆ ಮೊದಲು ತೆರೆಯುವುದು ಆ ಪುಟವನ್ನೇ.