ಕಾಣುವುದು ಹೆಂಗಸು, ದನಿ ಗಂಡಸಿನದು

ಪ್ರಶ್ನೆ: ಮಗಳು ಕಾಲೇಜಿನ ಪ್ರಾಜೆಕ್ಟಿಗೆ ಅಂತ ಹಳೇ ಸಾಕ್ಷ್ಯಚಿತ್ರಗಳನ್ನು ನೋಡುತ್ತಿದ್ದಾಳೆ. ನಾನೂ ಪಕ್ಕದಲ್ಲಿ ಕೂತು ನಾಲ್ಕೈದು ನೋಡಿದೆ. ಹೆಂಗಸರು ನಾಟಿ ಮಾಡುತ್ತಾರೆ, ನೀರು ಹೊರುತ್ತಾರೆ, ಆದರೆ ಅವರ ವಿಷಯ ಹೇಳುವುದೆಲ್ಲ ಯಾವುದೋ ಗಂಡಸಿನ ದನಿ. ನನ್ನ ಹೆಂಡತಿ 'ಅದರಲ್ಲೇನು ವಿಶೇಷ' ಅಂದಳು! ಹಳೇವೆಲ್ಲ ಹೀಗೇನಾ?
– ಓದುಗರೊಬ್ಬರು, ಹೊಸನಗರ

ಉತ್ತರ: ನಿಮ್ಮ ಮನೆಯವರ ಮಾತಿನಲ್ಲೇ ಅರ್ಧ ಉತ್ತರ ಇದೆ ಕಣ್ರೀ. ಇನ್ನರ್ಧ ಯಂತ್ರದ್ದು. ಸಾಕ್ಷ್ಯಚಿತ್ರ ಮಾಡುತ್ತಿದ್ದ ಸರ್ಕಾರಿ ಸಂಸ್ಥೆ ಫಿಲ್ಮ್ಸ್ ಡಿವಿಷನ್ ಶುರುವಾಗಿದ್ದು 1948ರಲ್ಲಿ. ಚಿತ್ರದ ಜೊತೆಗೇ ಮಾತು ಹಿಡಿಯುವ ಸಲಕರಣೆ ಆಗ ಭಾರ, ಹಳ್ಳಿಗೆ ಹೊತ್ತೊಯ್ಯುವುದು ಕಷ್ಟ. ಹಾಗಾಗಿ ಮೂಕವಾಗಿ ಶೂಟ್ ಮಾಡಿಕೊಂಡು ಬಂದು ಸ್ಟುಡಿಯೋದಲ್ಲಿ ವಿವರಣೆ ಸೇರಿಸುತ್ತಿದ್ದರು. ಕನ್ನಡಕ್ಕೆ ಬೇಕಾದರೆ ದನಿ ಬದಲಿಸಿದರೆ ಮುಗೀತು. ಟಾಕೀಸಿನಲ್ಲಿ ಸಿನಿಮಾಕ್ಕೆ ಮೊದಲು ಹಾಕುತ್ತಿದ್ದರಲ್ಲ, ಅವೇ. ಆದರೆ ಆ ಮೈಕ್ ಮುಂದೆ ಹೆಂಗಸನ್ನು ಕೂರಿಸಲು ಯಾವ ಯಂತ್ರ ಅಡ್ಡ ಬಂದಿತ್ತು ಹೇಳಿ? ರೇಡಿಯೋದಲ್ಲಿ ಆಗಲೇ ಹೆಂಗಸರು ವಾರ್ತೆ ಓದುತ್ತಿದ್ದರು.

ಎಲ್ಲ ಹಾಗಲ್ಲ. ದೀಪಾ ಧನರಾಜ್ ಮತ್ತು ಜೊತೆಗಾರರ 'ಯುಗಾಂತರ್' ತಂಡ 1982ರಲ್ಲಿ ನಮ್ಮ ಬೆಳಗಾವಿ ಜಿಲ್ಲೆಯ ನಿಪ್ಪಾಣಿಗೆ ಹೋಗಿ ತಂಬಾಕು ಕಾರ್ಖಾನೆಯ ಹೆಂಗಸರ ಚಿತ್ರ ಮಾಡಿತು. ಅಲ್ಲಿ ಕೂಲಿ, ಧೂಳು, ಸಂಘ ಎಲ್ಲವನ್ನೂ ಹೇಳುವವರು ಅವರೇ. ಧನರಾಜ್ ಅವರ 1991ರ 'ಸಮ್‌ಥಿಂಗ್ ಲೈಕ್ ಎ ವಾರ್' ಅನ್ನು ಮಗಳು ಬಿಡದೆ ನೋಡಲಿ. ಒಂದು ಕಡೆ ಸಂತಾನಹರಣ ಶಿಬಿರದ ಡಾಕ್ಟರು ತಾನು ಮಾಡಿದ ಆಪರೇಷನ್‌ಗಳ ಲೆಕ್ಕ ಕೊಚ್ಚಿಕೊಳ್ಳುತ್ತಾನೆ, ಇನ್ನೊಂದು ಕಡೆ ಒಂದಷ್ಟು ಹೆಂಗಸರು ನೆಲದ ಮೇಲೆ ಕೂತು ಮೈಯ ಚಿತ್ರ ಬರೆಯುತ್ತಾ, ನಗುತ್ತಾ ತಮ್ಮ ಮೈ, ಮುಟ್ಟು, ಆಸೆ ಎಲ್ಲದರ ಬಗ್ಗೆ ಮಾತಾಡುತ್ತಾರೆ. ಗಂಡಸುತನದ ಕಡೆ ಕ್ಯಾಮೆರಾ ತಿರುಗಿಸಿದ್ದು ಬೇಕು ಅಂದರೆ ಆನಂದ್ ಪಟವರ್ಧನ್ ಅವರ 'ಪಿತೃ, ಪುತ್ರ ಔರ್ ಧರ್ಮಯುದ್ಧ' ಇದೆ. ಬೀದಿಯಲ್ಲಿ ಶಕ್ತಿಮದ್ದು ಮಾರುವವರೂ ಅದರಲ್ಲಿ ಸಿಗುತ್ತಾರೆ.

ಇನ್ನು ನಮ್ಮ ಕಡೆಗೇ ಬನ್ನಿ. ಈಗಿನ ಅಡಿಕೆ ವಿಡಿಯೋಗಳನ್ನೇ ನೋಡಿ. ಮರ ಹತ್ತಿ ಕೊನೆ ಇಳಿಸುವವನೇ ಹೀರೋ. ರೇಟಿನ ಬಗ್ಗೆ ಮಾತಾಡುವವರು ಯಜಮಾನರು. ರಾತ್ರಿವರೆಗೂ ಮೆಟ್ಟುಗತ್ತಿ ಮುಂದೆ ಕೂತು ಸುಲಿಯುವ ಹೆಂಗಸರ ಕೈ ಎರಡು ಸೆಕೆಂಡ್ ಬಂದು ಹೋಗುತ್ತೆ. ಅಡಿಕೆ ಕರೆ ಹತ್ತಿ ಕಪ್ಪಾದ ಬೆರಳು ನೋಡುವಷ್ಟರಲ್ಲಿ ಮುಂದಿನ ಶಾಟ್. ಇಲ್ಲಿ ಯಂತ್ರದ ಕಾರಣವೂ ಇಲ್ಲ, ಮೊಬೈಲೇ ದನಿ ಹಿಡಿಯುತ್ತೆ, ಅಲ್ವಾ? ಈ ಸಲದ ಸುಲಿತಕ್ಕೆ ಮಗಳು ಅವರನ್ನು ಕೇಳಿಕೊಂಡು ಮೊಬೈಲ್ ಇಟ್ಟು ಸುಮ್ನೆ ಕೂರಲಿ. ಪ್ರಶ್ನೆ ಜಾಸ್ತಿ ಬೇಡ. ನಿಮ್ಮ ಬಗ್ಗೆಯೂ ಎರಡು ಮಾತು ಬರಬಹುದು, ಅದನ್ನು ಕತ್ತರಿಸು ಅನ್ನಬೇಡಿ.