ಅರೀನಾ ವರದಿಯಲ್ಲಿ 0.15 ಎಂದರೆ

ದಾವಣಗೆರೆಯ ಬೆಣ್ಣೆದೋಸೆ ಹೋಟೆಲಿನ ಸರದಿಯನ್ನು ಅರೀನಾ ಎಂಬ ಸಿಮ್ಯುಲೇಷನ್ ತಂತ್ರಾಂಶದಲ್ಲಿ ಮಾದರಿ ಮಾಡಿದ್ದೀರಿ. ಗಿರಾಕಿಗಳು ಸುಮಾರು ಒಂಬತ್ತು ನಿಮಿಷ ಕಾಯುವುದನ್ನು ಕಣ್ಣಾರೆ ಕಂಡಿದ್ದರೂ ವರದಿ 0.15 ಎನ್ನುತ್ತಿದೆ, ತಪ್ಪೆಲ್ಲಿ ಎಂದು ಕೇಳಿದ್ದೀರಿ. ತಪ್ಪೇನೂ ಇಲ್ಲ, ಅದು ಗಂಟೆಯ ಲೆಕ್ಕ. 0.15 ಗಂಟೆ ಎಂದರೆ 9 ನಿಮಿಷವೇ. ನೀವು ಹೆಂಚಿನ ಮುಂದೆ ನಿಂತು ಅಳೆದದ್ದು ವ್ಯರ್ಥವಾಗಿಲ್ಲ!

ರನ್ ಮೆನುವಿನಲ್ಲಿ ಸೆಟಪ್ ತೆರೆಯಿರಿ. ರೆಪ್ಲಿಕೇಷನ್ ಪ್ಯಾರಾಮೀಟರ್ಸ್ ಪುಟದಲ್ಲಿ ಬೇಸ್ ಟೈಮ್ ಯೂನಿಟ್ಸ್ ಎಂಬಲ್ಲಿ ಅವರ್ಸ್ ಇರುತ್ತದೆ. ಅದನ್ನು ಮಿನಿಟ್ಸ್ ಮಾಡಿ. ಕ್ರಿಯೇಟ್, ಪ್ರೋಸೆಸ್ ಪೆಟ್ಟಿಗೆಗಳಲ್ಲಿ ನಿಮಿಷ ಎಂದು ಕೊಟ್ಟಿದ್ದರೂ ವರದಿ ಅನುಸರಿಸುವುದು ಇದನ್ನೇ. ಒಂದು ಎಚ್ಚರಿಕೆ: ಅಸೈನ್ ಪೆಟ್ಟಿಗೆಯಲ್ಲಿ ಟಿನೌ (TNOW, ಮಾದರಿಯ ಗಡಿಯಾರದ ಈಗಿನ ಸಮಯ) ಬಳಸಿ ಗಂಟೆಗೆ ಹೋಲಿಸುವ ಷರತ್ತು ಬರೆದಿದ್ದರೆ ಅದನ್ನೂ ನಿಮಿಷಕ್ಕೆ ತಿದ್ದಲೇಬೇಕು, ಇಲ್ಲದಿದ್ದರೆ ಮಾದರಿ ಸದ್ದಿಲ್ಲದೆ ಕೆಡುತ್ತದೆ.

ಅದೇ ಪುಟದ ವಾರ್ಮ್-ಅಪ್ ಪೀರಿಯಡ್ (ಲೆಕ್ಕಕ್ಕೆ ಹಿಡಿಯದೆ ಬಿಡುವ ಆರಂಭದ ಹೊತ್ತು) ಅನ್ನು ಸೊನ್ನೆಯಲ್ಲೇ ಬಿಡಿ. ಹೋಟೆಲು ಪ್ರತಿ ಬೆಳಿಗ್ಗೆ ಖಾಲಿಯಾಗಿಯೇ ಬಾಗಿಲು ತೆರೆಯುತ್ತದೆ. ಆ ಮೊದಲ ಖಾಲಿ ಹೊತ್ತೂ ನಿಮ್ಮ ಲೆಕ್ಕಕ್ಕೆ ಸೇರಬೇಕು. ಆದರೆ ರೆಪ್ಲಿಕೇಷನ್ ಸಂಖ್ಯೆ, ಅಂದರೆ ಮಾದರಿಯನ್ನು ಎಷ್ಟು ಸಲ ಓಡಿಸಬೇಕೆಂಬುದು, ಒಂದೇ ಇದ್ದರೆ ಅದು ಒಂದು ದಿನದ ಕಥೆ ಮಾತ್ರ. ಮೂವತ್ತು ಕೊಡಿ.

ಎಫ್4 ಒತ್ತಿ ಮಾದರಿಯನ್ನು ಪರೀಕ್ಷಿಸಿ, ನಂತರ ಎಫ್5 ಒತ್ತಿ ಓಡಿಸಿ. ಚಿತ್ರಗಳ ಓಡಾಟದಿಂದ ನಿಧಾನವಾದರೆ ರನ್ ಕಂಟ್ರೋಲ್‌ನಲ್ಲಿ ಬ್ಯಾಚ್ ರನ್ ಆಯ್ದುಕೊಳ್ಳಿ. ಹೊಸ ಸರಾಸರಿ ಎಷ್ಟು ಬಂತೆಂದು ಖಂಡಿತ ತಿಳಿಸಿ.