ಚಂಡೆಗೆ ಮುನ್ನ ಮದ್ದಳೆ

ಪ್ರಶ್ನೆ: ಅಕ್ಕಾ, ನನಗೆ 24 ವರ್ಷ. ನಾಲ್ಕು ವರ್ಷಗಳಿಂದ ಮದುವೆ, ಚೌತಿಯ ವಿಸರ್ಜನೆ ಮೆರವಣಿಗೆ, ಕಾಲೇಜು ವಾರ್ಷಿಕೋತ್ಸವಗಳಿಗೆ ಡಿಜೆಯಾಗಿ ಹೋಗುತ್ತಿದ್ದೇನೆ. ಡಿಸೆಂಬರ್ ಕೊನೆಯ ವಾರ ಗೋಕರ್ಣದಲ್ಲಿ, ಕುಡ್ಲೆ ಬೀಚಿನ ಪಕ್ಕದ ತೆರೆದ ಅಂಗಳದ ಕ್ಲಬ್ಬಿನಲ್ಲಿ ಕಾರ್ಯಕ್ರಮವಿದೆ. ಗೋವಾದಿಂದ ಬರುವ ಮುಖ್ಯ ಡಿಜೆ ಸಂಜೆ ಏಳೂವರೆಗೆ ಶುರು ಮಾಡುತ್ತಾರೆ. ಅದಕ್ಕೆ ಮೊದಲಿನ ಎರಡು ಗಂಟೆ ನನ್ನದು. ಹತ್ತು ನಿಮಿಷದೊಳಗೆ ಜನರನ್ನು ಕುಣಿಸದಿದ್ದರೆ ಮತ್ತೆ ಯಾರೂ ಕರೆಯುವುದಿಲ್ಲ ಎಂದು ಗೆಳೆಯರು ಹೆದರಿಸುತ್ತಿದ್ದಾರೆ. ಕೈಯಲ್ಲಿರುವ ಒಳ್ಳೆಯ ಹಾಡುಗಳನ್ನೆಲ್ಲ ಮೊದಲೇ ಹಾಕಿಬಿಡಲೇ? ಎಷ್ಟು ಬಿಪಿಎಂನಿಂದ, ಎಂದರೆ ನಿಮಿಷಕ್ಕೆ ಎಷ್ಟು ಪೆಟ್ಟಿನ ವೇಗದಿಂದ, ಶುರು ಮಾಡಲಿ?
— ಹೆಸರು ಬೇಡ, ಕುಮಟಾ

ಉತ್ತರ: ತಮ್ಮಾ, ನಿನ್ನ ಗೆಳೆಯರ ಮಾತು ಮದುವೆ ಮನೆಗೆ ಸರಿ. ಅಲ್ಲಿ ನೀನು ಮೊದಲ ಹಾಡು ಹಾಕುವ ಹೊತ್ತಿಗೆ ಜನ ಬೆಳಗಿನಿಂದ ಒಟ್ಟಿಗಿರುತ್ತಾರೆ. ಧಾರೆ ಮುಗಿದಿರುತ್ತದೆ, ಪಂಕ್ತಿಯಲ್ಲಿ ಕುಳಿತು ಉಂಡಿರುತ್ತಾರೆ, ಭಾವಂದಿರು ನಾದಿನಿಯರ ನಡುವೆ ಕೀಟಲೆ ನಡೆದಿರುತ್ತದೆ. ಅಂಗಳವನ್ನು ನೆಂಟಸ್ತಿಕೆಯೇ ಕಾಯಿಸಿ ನಿನ್ನ ಕೈಗೆ ಕೊಡುತ್ತದೆ. ಚೌತಿಯ ಮೆರವಣಿಗೆಯಲ್ಲೂ ಹಾಗೆಯೇ, ಆ ಕೇರಿಯ ಜನ ಹುಟ್ಟಿದಂದಿನಿಂದ ಒಬ್ಬರನ್ನೊಬ್ಬರು ಬಲ್ಲವರು. ಕುಡ್ಲೆಗೆ ಐದೂವರೆಗೆ ಬರುವವರ ಕಥೆ ಬೇರೆ. ಒಬ್ಬರು ಓಂ ಬೀಚಿನಿಂದ ಗುಡ್ಡ ಹತ್ತಿ ಇಳಿದು ಬಂದಿದ್ದಾರೆ, ಕಾಲಿನ ಮರಳು ಇನ್ನೂ ಉದುರಿಲ್ಲ. ಇನ್ನೊಬ್ಬರು ಮಧ್ಯಾಹ್ನ ಗೋಕರ್ಣ ರೋಡ್ ನಿಲ್ದಾಣದಲ್ಲಿ ಇಳಿದು, ಕೋಣೆ ಹುಡುಕಿ ಸುಸ್ತಾಗಿದ್ದಾರೆ. ಪಕ್ಕದ ಮೇಜಿನಲ್ಲಿ ಕುಳಿತವರು ಯಾರೆಂದು ಯಾರಿಗೂ ತಿಳಿಯದು. ಇವರನ್ನು ಒಂದೇ ಕೂಟವನ್ನಾಗಿ ಮಾಡುವುದು ನಿನ್ನ ಎರಡು ಗಂಟೆಯ ಕೆಲಸ. ಕುಣಿಸುವುದು ಏಳೂವರೆಗೆ ಬರುವ ಡಿಜೆಯ ಕೆಲಸ.

ನೀನು ಕುಮಟಾದವನು, ಆಟ ನೋಡಿಯೇ ಇರುತ್ತೀಯ. ಅಂಕೋಲೆಯಲ್ಲಿ ನಾನು ಚಿಕ್ಕವಳಿದ್ದಾಗ ಗದ್ದೆಯ ಬಯಲಿನಲ್ಲಿ ಬೆಳಗಿನವರೆಗೆ ನಡೆಯುತ್ತಿದ್ದ ಯಕ್ಷಗಾನಕ್ಕೆ ಅಜ್ಜನ ಜೊತೆ ಹೋಗುತ್ತಿದ್ದೆ. ವೇಷ ಕಟ್ಟುವ ಚೌಕಿಯಲ್ಲಿ ಗಣಪತಿ ಪೂಜೆ, ಆಮೇಲೆ ರಂಗದ ಮೇಲೆ ಕೋಡಂಗಿ, ಬಾಲಗೋಪಾಲ, ಸ್ತ್ರೀವೇಷ. ಹಾಡುವವರು ಕಿರಿಯ ಭಾಗವತರು. ಆಗಿನ್ನೂ ಜನ ಚಾಪೆ ಬಿಡಿಸುತ್ತಿದ್ದರು, ಚಹಾದ ಅಂಗಡಿಯ ಮುಂದೆ ನಿಂತಿರುತ್ತಿದ್ದರು. ಮದ್ದಳೆ ಅವರ ಮಾತಿನ ಕೆಳಗೆ ಹರಿಯುತ್ತಿತ್ತು. ಪ್ರಸಂಗ ಶುರುವಾಗಿ, ಪಾತ್ರಗಳ ಪ್ರವೇಶದ ಒಡ್ಡೋಲಗ ಕಳೆದು, ನಡುರಾತ್ರಿ ದಾಟಿದ ಮೇಲೆ ರಾಕ್ಷಸನ ಬಣ್ಣದ ವೇಷ ಬಂದಾಗ ಚಂಡೆ ಎದೆಗೇ ಬಡಿಯುತ್ತಿತ್ತು. ಅದೇ ರಾಕ್ಷಸ ಸಂಜೆ ಏಳಕ್ಕೆ ರಂಗಕ್ಕೆ ಬಂದಿದ್ದರೆ ಮಕ್ಕಳು ಕೂಡ ಹೆದರುತ್ತಿರಲಿಲ್ಲ. ಪ್ರಸಂಗಕ್ಕೆ ಮೊದಲಿನ ಈ ಪೂರ್ವರಂಗವನ್ನು ಯಾರೂ ನೋಡುವುದಿಲ್ಲ ಎಂದು ಹೇಳುವವರಿದ್ದಾರೆ. ನನಗೆ ಆ ಮಾತು ಕೇಳಿದರೆ ಸಿಟ್ಟು ಬರುತ್ತದೆ. ಆ ಹೊತ್ತಿನಲ್ಲೇ ಚಾಪೆಯ ಮೇಲಿನ ಜನ ಸಭೆಯಾಗುತ್ತಿದ್ದುದು.

ಬೆಂಗಳೂರಿನಲ್ಲಿ ಡಿಜೆಯಾಗಿದ್ದ ಹನ್ನೊಂದು ವರ್ಷ ನಾನು ಹೆಚ್ಚಾಗಿ ಆರಂಭದ ಸೆಟ್‌ಗಳನ್ನೇ, ಎಂದರೆ ಮುಖ್ಯ ಡಿಜೆಗೆ ಮೊದಲಿನ ಸರದಿಯನ್ನೇ, ಮಾಡಿದೆ. ಮೊದಲ ವರ್ಷ ಮಾಡಿದ ತಪ್ಪನ್ನು ಹೇಳುತ್ತೇನೆ. ರಾತ್ರಿ ಒಂಬತ್ತು ಗಂಟೆ, ಒಳಗೆ ಮೂವತ್ತು ಜನ. ನಾನು 126 ಬಿಪಿಎಂನಲ್ಲಿ ಶುರು ಮಾಡಿ, ಪೆನ್‌ಡ್ರೈವ್‌ನಲ್ಲಿದ್ದ ಅತ್ಯಂತ ಜೋರಿನ ಹತ್ತು ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಿದೆ. ಜನ ಕುಣಿದರು. ನನಗೆ ಆಕಾಶ ಮೂರೇ ಗೇಣು. ಹತ್ತೂಕಾಲಿಗೆ ಅದೇ ಜನ ಬೆವರು ಒರೆಸಿಕೊಂಡು ಹೊರಗೆ ಹೋದರು, ಅರ್ಧದಷ್ಟು ಮಂದಿ ಮರಳಲಿಲ್ಲ. ಹತ್ತೂವರೆಗೆ ಬಂದ ಮುಖ್ಯ ಡಿಜೆ ನನ್ನನ್ನು ಬಯ್ಯಲಿಲ್ಲ. ನನ್ನ ಕೊನೆಯ ಹಾಡನ್ನು ಮೆಲ್ಲಗೆ ಇಳಿಸಿ, ಪೆಟ್ಟೇ ಇಲ್ಲದ ಒಂದು ಸಂಗೀತವನ್ನು ಸುಮಾರು ಮೂರು ನಿಮಿಷ ಹಾಕಿದರು. ಬಳಿಕ 112ರಿಂದ ಮತ್ತೆ ಕಟ್ಟತೊಡಗಿದರು. ಅವರ ಎರಡು ಗಂಟೆಯಲ್ಲಿ ಮುಕ್ಕಾಲು ಗಂಟೆ ನಾನು ಕೆಡಿಸಿದ್ದನ್ನು ಸರಿಪಡಿಸಲು ಹೋಯಿತು. ಮೂಲೆಯಲ್ಲಿ ನಿಂತು ಅದನ್ನು ಕೇಳಿದ ಆ ಮುಕ್ಕಾಲು ಗಂಟೆಯಲ್ಲಿ ಕಲಿತಷ್ಟನ್ನು ನಾನು ಬೇರೆಲ್ಲೂ ಕಲಿತಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಮೊದಲು ಮುಖ್ಯ ಡಿಜೆಗೆ ಒಂದು ಸಂದೇಶ ಕಳುಹಿಸಿ, ಎಷ್ಟು ಬಿಪಿಎಂನಲ್ಲಿ, ಯಾವ ಬಗೆಯಲ್ಲಿ ಆರಂಭಿಸುತ್ತೀರಿ ಎಂದು ಕೇಳು. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಒಳ್ಳೆಯ ಡಿಜೆಗೆ ಇದರಿಂದ ಸಂತೋಷವೇ ಆಗುತ್ತದೆ. ಅವರು ಹೌಸ್ ಎಂಬ ಹದವಾದ ವೇಗದ ನೃತ್ಯಸಂಗೀತ ಹಾಕುವವರಾಗಿದ್ದು 123 ಎಂದರೆ, ನೀನು 106ರಿಂದ ಹೊರಟು 120ಕ್ಕೆ ನಿಲ್ಲು. ಎರಡು ಗಂಟೆಗೆ ಐದೈದು ನಿಮಿಷದ 24 ಹಾಡು ಎಂದುಕೊಂಡರೆ ಹಾಡಿಗೆ ಅರ್ಧ ಬಿಪಿಎಂಗಿಂತ ತುಸು ಹೆಚ್ಚು ಏರಿದರೆ ಸಾಕು. ಅಷ್ಟು ಏರಿಕೆ ಯಾರ ಕಿವಿಗೂ ಗೊತ್ತಾಗುವುದಿಲ್ಲ, ಕಾಲಿಗೆ ಮಾತ್ರ ಗೊತ್ತಾಗುತ್ತದೆ. ಅವರು ಸೈಟ್ರಾನ್ಸ್ ಎಂಬ ಇನ್ನೂ ವೇಗದ ಬಗೆಯನ್ನು ಹಾಕುವವರಾಗಿದ್ದು 142 ಎಂದರೆ ಅದರ ಬೆನ್ನು ಹತ್ತಬೇಡ. 122ರ ಆಸುಪಾಸಿನಲ್ಲೇ ಬಿಟ್ಟುಕೊಡು, ಆ ಜಿಗಿತವೇ ಅವರ ಪ್ರವೇಶವಾಗಲಿ.

ಆದರೆ ಬಿಪಿಎಂ ಒಂದನ್ನೇ ನೆಚ್ಚಬೇಡ. 108ರಲ್ಲೂ ಗುದ್ದುವ ಹಾಡುಗಳಿವೆ, 120ರಲ್ಲೂ ತೇಲುವ ಹಾಡುಗಳಿವೆ. ಮೊದಲ ಅರ್ಧ ಗಂಟೆ ಕಿಕ್ (ಡ್ರಮ್ಮಿನ ಗುದ್ದು) ಮೃದುವಾಗಿರುವ, ಬೇಸ್ (ಕೆಳಸ್ಥಾಯಿಯ ಸದ್ದು) ದುಂಡಗಿರುವ, ಕೈವಾದ್ಯಗಳಿರುವ ಸಂಗೀತ ಹಾಕು. ಹಾಡುಗಾರಿಕೆ ಕಡಿಮೆ ಇರಲಿ, ಏಕೆಂದರೆ ಜನ ಮಾತನಾಡಬೇಕು. ಎಲ್ಲರೂ ಕೂಡಿ ಹಾಡಬಲ್ಲ ಹಾಡುಗಳನ್ನು, ನಿಮಿಷಗಟ್ಟಲೆ ಏರಿ ಏರಿ ಒಮ್ಮೆಲೇ ಸ್ಫೋಟಿಸುವ ಹಾಡುಗಳನ್ನು ಪೆನ್‌ಡ್ರೈವ್‌ನಲ್ಲಿ ಬೇರೆ ಫೋಲ್ಡರ್‌ಗೆ ಸರಿಸಿ ಮುಚ್ಚಿಡು. ಮುಖ್ಯ ಡಿಜೆ ತಾವೇ ಮಾಡಿ ಬಿಡುಗಡೆ ಮಾಡಿದ ಹಾಡುಗಳನ್ನಂತೂ ಮುಟ್ಟಲೇಬೇಡ, ಅದು ಮದುಮಗನ ರುಮಾಲನ್ನು ನೀನು ಸುತ್ತಿಕೊಂಡು ಮಂಟಪದ ಮುಂದೆ ನಿಂತಂತೆ. ಒಂದು ಹಾಡಿನಿಂದ ಇನ್ನೊಂದಕ್ಕೆ ದಾಟುವಾಗ ಅವಸರ ಬೇಡ. ನಾಲ್ಕು ನಾಲ್ಕು ಪೆಟ್ಟಿನ 32 ಬಾರ್ ಎಂದರೆ 128 ಪೆಟ್ಟು, 110ರಲ್ಲಿ ಅದು ಸುಮಾರು 70 ಸೆಕೆಂಡು. ಅಷ್ಟು ಹೊತ್ತು ಎರಡೂ ಹಾಡುಗಳು ಒಟ್ಟಿಗೆ ನಡೆಯಲಿ, ಬೇಸ್ ಮಾತ್ರ ಒಂದು ಸಲಕ್ಕೆ ಒಂದರದ್ದೇ ಇರಲಿ. ಇಪ್ಪತ್ನಾಲ್ಕು ಹಾಡು ಸಾಕಾದರೂ ಎಂಬತ್ತನ್ನು ಒಯ್ಯಿ. ಮನೆಯಲ್ಲಿ ಕುಳಿತು ಕ್ರಮಾಂಕ ಬರೆದಿಟ್ಟ ಸೆಟ್ ಅಂಗಳದಲ್ಲಿ ಕುಳಿತವರಿಗೆ ಹೊಂದುವುದು ಅಪರೂಪ.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಧ್ವನಿಯ ಮಟ್ಟ. ಇದನ್ನು ಕಲಿಸುವವರು ಕಡಿಮೆ. ಸುಮಾರು 10 ಡೆಸಿಬಲ್ ಏರಿದರೆ ನಮ್ಮ ಕಿವಿಗೆ ಸದ್ದು ಎರಡು ಪಟ್ಟಾದಂತೆ ಕೇಳುತ್ತದೆ. ಮೊದಲೇ ತುದಿಗೆ ಒಯ್ದರೆ ಏಳೂವರೆಯ ಡಿಜೆಗೆ ಏರಲು ಮೆಟ್ಟಿಲೇ ಉಳಿಯುವುದಿಲ್ಲ. ಅಲ್ಲದೆ ಜೋರು ಸದ್ದಿಗೆ ಕಿವಿ ಮಂಕಾಗುತ್ತದೆ, ಒಂದು ಗಂಟೆಯ ನಂತರ ಅದೇ ಸದ್ದು ಸಪ್ಪೆಯೆನಿಸಿ ಇನ್ನಷ್ಟು ಏರಿಸುವ ಆಸೆ ನಿನಗೇ ಬರುತ್ತದೆ. ಸೌಂಡ್‌ನವರ ಜೊತೆ ಮೊದಲೇ ಮಾತನಾಡಿ, ನಿನ್ನ ಪಾಲಿನ ಮೇಲ್ಮಿತಿಯನ್ನು ಗುರುತು ಮಾಡಿಸಿಕೋ. ಮಿಕ್ಸರ್‌ನ ದೀಪಗಳು ಕೆಂಪಿಗೆ ಹೋಗಲೇಬಾರದು, ಹಸಿರು ದಾಟಿ ಮೊದಲ ಕಿತ್ತಳೆಯನ್ನು ಮುಟ್ಟಿದರೆ ಸಾಕು. ಪರೀಕ್ಷೆ ಸುಲಭವಾಗಿದೆ: ಕೌಂಟರಿನಲ್ಲಿ ನಿಂಬೆ ಸೋಡಾ ಕೇಳುವವರು ಕೂಗಬೇಕಾಗಿ ಬಂದರೆ ನಿನ್ನ ಸದ್ದು ಹೆಚ್ಚಾಯಿತು.

ನ್ಯೂಯಾರ್ಕಿನಲ್ಲಿ 1970ರಲ್ಲಿ ತನ್ನ ಮನೆಯಲ್ಲೇ ಲಾಫ್ಟ್ ಎಂಬ ನೃತ್ಯಕೂಟವನ್ನು ಆರಂಭಿಸಿದ ಡೇವಿಡ್ ಮಂಕೂಸೊ ಇಡೀ ರಾತ್ರಿಗೆ ತಾನೊಬ್ಬನೇ ಹಾಡು ಹಾಕುತ್ತಿದ್ದ. ರಾತ್ರಿಗೆ ಮೂರು ಘಟ್ಟಗಳಿವೆ ಎಂಬುದು ಅವನ ಎಣಿಕೆ: ಶಾಂತ, ಸರ್ಕಸ್, ಮರಳಿ ಬರುವಿಕೆ. ಅಂದು ಒಬ್ಬನ ಕೈಯಲ್ಲಿದ್ದ ಕೆಲಸ ಇಂದು ಇಬ್ಬರು ಮೂವರಿಗೆ ಹಂಚಿಹೋಗಿದೆ. ನಿನ್ನ ಪಾಲಿಗೆ ಶಾಂತ ಘಟ್ಟ ಬಂದಿದೆ. ಅದನ್ನು ಪೂರ್ತಿಯಾಗಿ ಮಾಡು.

ನಿನ್ನ ಸಂಜೆಗೆ ಇನ್ನೊಂದು ವಿಶೇಷವಿದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಾಗಾಗಿ ನಿಮ್ಮದು ಕಾಲಮಿತಿ ಆಟ. ಎಲ್ಲ ಬೇಗ ಮುಗಿಯಬೇಕು ಎಂಬ ಆತುರ ಸಂಘಟಕರಿಗೆ ಹುಟ್ಟುತ್ತದೆ, ಆರಕ್ಕೇ ಬಂದು ಸ್ವಲ್ಪ ಜೋರು ಮಾಡಿ ಎನ್ನುತ್ತಾರೆ. ಆಗಲಿ ಎಂದು ನಕ್ಕು, ಒಂದು ಕೂದಲೆಳೆಯಷ್ಟು ಲಯ ಗಟ್ಟಿಯಿರುವ ಹಾಡು ಹಾಕು. ಧ್ವನಿಯನ್ನು ಮುಟ್ಟಬೇಡ. ಡಿಸೆಂಬರ್ ಕೊನೆಗೆ ಅಲ್ಲಿ ಸೂರ್ಯ ಮುಳುಗುವುದು ಆರು ದಾಟಿ ಕೆಲವು ನಿಮಿಷಕ್ಕೆ. ಆ ಹೊತ್ತಿನಲ್ಲಿ ಎಲ್ಲರ ಮುಖವೂ ಸಮುದ್ರದ ಕಡೆಗಿರುತ್ತದೆ, ನಿನಗೆ ಬೆನ್ನುಗಳಷ್ಟೇ ಕಾಣುತ್ತವೆ. ಕಂಗಾಲಾಗಬೇಡ. ಪೆಟ್ಟನ್ನು ಹಿಂದಕ್ಕೆ ಸರಿಸಿ, ಉದ್ದ ಸ್ವರಗಳಿರುವ ಒಂದು ಸಂಗೀತವನ್ನು ಪೂರ್ತಿ ಕೇಳಿಸು. ಸೂರ್ಯ ಮುಳುಗಿ, ಅಂಗಳದ ಹಳದಿ ದೀಪಗಳು ಹೊತ್ತಿ, ಜನ ತಿರುಗಿದಾಗ ಕಿಕ್ಕನ್ನು ಒಳಗೆ ಬಿಡು. ನಿನ್ನ ಎರಡು ಗಂಟೆಯಲ್ಲಿ ಒಂದೇ ಒಂದು ಕ್ಷಣವನ್ನು ಎತ್ತಿ ಹಿಡಿಯಬೇಕೆಂದಿದ್ದರೆ ಅದು ಇದು.

ಬಳಿಕ ಕಾಲುಗಳನ್ನು ನೋಡುತ್ತಿರು. ಮೊದಲು ಚಪ್ಪಲಿಯ ತುದಿ ಅಲುಗುತ್ತದೆ, ಆಮೇಲೆ ಭುಜ, ಆಮೇಲೆ ಯಾರೋ ಇಬ್ಬರು ಮಾತನಾಡುತ್ತಲೇ ಎದ್ದು ನಿಲ್ಲುತ್ತಾರೆ. ಮೈಕ್ ಹಿಡಿದು ಅವರನ್ನು ಕರೆಯಬೇಡ, ಹಾಡನ್ನೂ ಥಟ್ಟನೆ ಬದಲಿಸಬೇಡ. ತಮ್ಮಷ್ಟಕ್ಕೆ ಎದ್ದವರು ತಮ್ಮಷ್ಟಕ್ಕೆ ಇರಲಿ. ಏಳೂಕಾಲಿಗೆ ಅಂಗಳದ ಮೂರನೆಯ ಒಂದು ಭಾಗ ತೂಗುತ್ತಿದ್ದು, ಉಳಿದವರು ಕುರ್ಚಿಯ ಅಂಚಿಗೆ ಬಂದಿದ್ದರೆ ನೀನು ಗೆದ್ದೆ.

ಮುಖ್ಯ ಡಿಜೆ ಹತ್ತಿರ ಬಂದಾಗ, ನಿನ್ನ ಹಾಡು ಯಾವ ಬಿಪಿಎಂನಲ್ಲಿದೆ, ಇನ್ನು ಎಷ್ಟು ನಿಮಿಷ ಉಳಿದಿದೆ ಎಂದು ಹೇಳು. ಕೊನೆಯ ಹಾಡು ಉದ್ದನೆಯ ಬಾಲವಿರುವ, ಬರಿಯ ಪೆಟ್ಟಿನಲ್ಲಿ ಮುಗಿಯುವ ಹಾಡಾಗಿರಲಿ. ಸದ್ದು ನಿಲ್ಲಿಸಬೇಡ, ಬೀಳ್ಕೊಡುಗೆಯ ಮಾತು ಬೇಡ. ಹೆಡ್‌ಫೋನ್ ತೆಗೆದು, ನಿನ್ನ ಪೆನ್‌ಡ್ರೈವ್‌ನಿಂದ ಇನ್ನೂ ಹಾಡು ಓಡುತ್ತಿದೆ ಎಂಬುದನ್ನು ಮರೆಯದೆ, ಬದಿಗೆ ನಿಲ್ಲು. ಆಮೇಲೆ ಮನೆಗೆ ಓಡಬೇಡ. ಅಂಗಳಕ್ಕಿಳಿದು, ನೀನು ಸೇರಿಸಿದ ಜನರ ನಡುವೆ ನಿಂತು ಮುಖ್ಯ ಡಿಜೆಯ ಮೊದಲ ಅರ್ಧ ಗಂಟೆ ಕೇಳು. ಜನವರಿಯಲ್ಲಿ ನನಗೆ ಬರೆದು ತಿಳಿಸು.

ಪ್ರಶ್ನೆ: ಮನೆಯ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ತೆರೆದುಕೊಳ್ಳುವ ಪೆನ್‌ಡ್ರೈವ್ ಅನ್ನು ಕ್ಲಬ್ಬಿನ ಪ್ಲೇಯರ್ ಓದುವುದಿಲ್ಲ. ಏನು ಮಾಡಲಿ?
— ಓದುಗರು, ಕಾರವಾರ

ಉತ್ತರ: ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಆಗಿದ್ದರೆ ಕ್ಲಬ್ಬುಗಳಲ್ಲಿರುವ ಪಯೋನಿಯರ್ ಸಿಡಿಜೆ ಪ್ಲೇಯರ್ ಓದುವುದಿಲ್ಲ. ಹಾಡುಗಳನ್ನು ಡಿಜೆಗಳ ತಂತ್ರಾಂಶವಾದ ರೆಕಾರ್ಡ್‌ಬಾಕ್ಸ್ ಮೂಲಕವೇ ಪೆನ್‌ಡ್ರೈವ್‌ಗೆ ಕಳುಹಿಸಿ. ಅದೇ ಹಾಡುಗಳಿರುವ ಇನ್ನೊಂದು ಪೆನ್‌ಡ್ರೈವ್ ಕಿಸೆಯಲ್ಲಿರಲಿ, ಕರಾವಳಿಯ ಉಪ್ಪುಗಾಳಿಗೆ ಪೆನ್‌ಡ್ರೈವ್‌ನ ತುದಿಯೂ ತುಕ್ಕು ಹಿಡಿಯುತ್ತದೆ.

ಪ್ರಶ್ನೆ: ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ವಾರಕ್ಕೊಮ್ಮೆ ಕ್ಲಬ್ಬಿನಲ್ಲಿ ಮೊದಲ ಸರದಿಯ ಡಿಜೆ ಆಗಿ ಹೋಗುತ್ತಿದ್ದಾಳೆ. ಅವಳ ಕಿವಿಯ ಚಿಂತೆ, ರಾತ್ರಿ ಓಡಾಟದ ಚಿಂತೆ ಎರಡೂ ಇವೆ. ತಡೆಯಲೇ?
— ಒಬ್ಬ ತಾಯಿ, ಶಿರಸಿ

ಉತ್ತರ: ಅಮ್ಮಾ, ತಡೆಯಬೇಡಿ. ಆದರೆ ಕಿವಿಯ ಚಿಂತೆ ನಿಜವಾದದ್ದು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್‌ನ ಲೆಕ್ಕದಲ್ಲಿ 85 ಡೆಸಿಬಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ಕೇಳಬಹುದು. ಪ್ರತಿ 3 ಡೆಸಿಬಲ್ ಏರಿದಾಗಲೂ ಆ ಹೊತ್ತು ಅರ್ಧವಾಗುತ್ತದೆ, 100ಕ್ಕೆ ತಲುಪಿದರೆ ಉಳಿಯುವುದು ಹದಿನೈದೇ ನಿಮಿಷ. ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳು ಸಿಗುತ್ತವೆ, ಅವು ಸ್ವರವನ್ನು ಕೆಡಿಸದೆ ಸದ್ದನ್ನಷ್ಟೇ ಇಳಿಸುತ್ತವೆ. ಮುಂದಿನ ಹುಟ್ಟುಹಬ್ಬಕ್ಕೆ ಅದನ್ನೇ ಕೊಡಿಸಿ. ತನ್ನ ಸರದಿ ಮುಗಿದ ಮೇಲೆ ಅವಳು ಬಹಳ ಹೊತ್ತು ಒಳಗಿದ್ದರೆ ಅದು ಇನ್ನೂ ಹೆಚ್ಚು ಬೇಕಾಗುತ್ತದೆ. ಓಡಾಟದ ವಿಷಯದಲ್ಲಿ, ಮನೆಗೆ ಮರಳುವ ವಾಹನದ ವ್ಯವಸ್ಥೆ ಕ್ಲಬ್ಬಿನದೇ ಎಂದು ಮಾತನಾಡುವಾಗಲೇ ಕೇಳಿ ಬರೆಸಿಕೊಳ್ಳಲಿ. ನಾನು ಹಾಗೆಯೇ ಮಾಡುತ್ತಿದ್ದೆ, ಅದನ್ನು ಒಪ್ಪದ ಕಡೆ ಹೋಗುತ್ತಿರಲಿಲ್ಲ.

ಸಾಧ್ಯವಾದರೆ ಒಮ್ಮೆ ಶಿರಸಿಯಿಂದ ರಾತ್ರಿ ಬಸ್ಸು ಹತ್ತಿ ಹೋಗಿ, ಮರುದಿನ ಸಂಜೆ ಅವಳ ಸೆಟ್ ಕೇಳಿ. ಬಾಗಿಲು ತೆರೆಯುವ ಹೊತ್ತಿಗೇ ಒಳಗಿರಿ. ತಡವಾಗಿ ಹೋದರೆ ಅವಳ ಪಾಲು ಮುಗಿದಿರುತ್ತದೆ.